ಇರುಸುಮುರುಸಿನ ಗುಂಡಿ

ಸೆಪ್ಟೆಂಬರ್ 14

ಅಮ್ಮಾ,

ಫೋನಿನಲ್ಲಾದರೆ ನಾನು ಬರೀ "ಹ್ಞೂಂ" ಅನ್ನುತ್ತೇನೆ, ಕಾಗದದಲ್ಲಿ "ಹ್ಞೂಂ" ಅಂತ ಬರೆದು ಕಳಿಸಲು ಆಗುವುದಿಲ್ಲ ಎಂದು ಹಟ ಹಿಡಿದೆಯಲ್ಲ, ತಗೋ, ಬರೆಯುತ್ತಿದ್ದೇನೆ. ಓದಿ ಮುಗಿಸುವ ತಾಳ್ಮೆ ನಿನಗಿರಲಿ.

ರೂಮು ಚಿಕ್ಕದು. ಮಂಚದ ಮೇಲೆ ಕೂತು ಕೈ ಚಾಚಿದರೆ ಕಿಟಕಿ ಸಿಗುತ್ತದೆ. ಅದಕ್ಕೇನೂ ಬೇಸರವಿಲ್ಲ. ಬೇಸರ, ಬೇಸರವೇನು, ಅಸಹ್ಯ, ಇರುವುದು ಅಡುಗೆಮನೆಯಲ್ಲಿ. ನಾಲ್ಕು ಜನಕ್ಕೆ ಒಂದೇ ಅಡುಗೆಮನೆ. ಸಿಂಕಿನ ಜಾಲರಿಯಲ್ಲಿ ಯಾರದೋ ಕೂದಲಿನ ಉಂಡೆ, ಅದಕ್ಕೆ ಸುತ್ತಿಕೊಂಡ ನೂಡಲ್ಸಿನ ಎಳೆಗಳು. ಎದುರು ರೂಮಿನವನೊಬ್ಬ ಒದ್ದೆ ಕಾಲುಚೀಲವನ್ನು ನೀರು ಕಾಯಿಸುವ ಕೆಟಲಿನ ಮೇಲೆ ಹರವಿ ಒಣಗಿಸುತ್ತಾನೆ. ಕೆಟಲು ಕುದಿಯುವಾಗ! ಥೂ. ಮೊದಲ ವಾರ ನಾನು ಬಿಸಿನೀರನ್ನೇ ಕುಡಿಯಲಿಲ್ಲ. ಅವನಿಗೆ ಕಾಲುಚೀಲದ ಮಹಾಶಯ ಎಂದು ಹೆಸರಿಟ್ಟಿದ್ದೇನೆ.

ಏನು ಓದುತ್ತಿದ್ದೀಯ ಎಂದು ಹೊರಡುವ ದಿನವೂ ಕೇಳಿದೆ. ಸರಿಯಾಗಿ ಹೇಳುತ್ತೇನೆ ಕೇಳು. ಕೋರ್ಸಿನ ಹೆಸರು ಸ್ಮಾರ್ಟ್ ಮೊಬಿಲಿಟಿಗೆ ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್. ಹೆಸರು ಕೇಳಿ ಹೆದರಬೇಡ. ಈ ದೇಶದಲ್ಲಿ ಡ್ರೈವರ್ ಇಲ್ಲದ ಆರು ಸೀಟಿನ ಸಣ್ಣ ಬಂಡಿಗಳನ್ನು ಬೀದಿಗೆ ಬಿಡುತ್ತಿದ್ದಾರೆ. ಫೋನಿನಲ್ಲಿ ಕರೆದರೆ ಬಂಡಿ ಬರುತ್ತದೆ. ಅದೇ ದಾರಿಯಲ್ಲಿ ಹೋಗುವ ಬೇರೆಯವರನ್ನೂ ಹತ್ತಿಸಿಕೊಳ್ಳುತ್ತದೆ. ಯಾರನ್ನು ಯಾರ ಜೊತೆ ಕೂರಿಸಬೇಕು ಅನ್ನುವುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಫೋನಿನ ಪರದೆಯ ಮೇಲೆ ಜನ ಒತ್ತುವ ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಅದರ ಮೇಲೆ ಯಾವ ಪದ ಇರಬೇಕು, ಒತ್ತಿದಾಗ ಏನಾಗಬೇಕು, ಇದನ್ನೆಲ್ಲ ಯೋಚಿಸುವುದು ನನ್ನ ಓದು. ಗುಂಡಿ ಮಾಡುವ ಕೆಲಸ ಅಂತಲೇ ಇಟ್ಟುಕೋ.

ಮೊದಲ ದಿನ ಕ್ಲಾಸಿನಲ್ಲಿ ಎಲ್ಲರ ಮನೆಯವರ ಉದ್ಯೋಗ ಕೇಳಿದರು. ನನ್ನ ಅಮ್ಮ ಆಹಾರ ಉದ್ಯಮದಲ್ಲಿದ್ದಾಳೆ ಎಂದೆ. ಸುಳ್ಳಲ್ಲ ತಾನೇ?

ಕೈಗೆ ಗ್ಲೌಸು ಹಾಕಿಕೊಂಡೇ ಕತ್ತಿ ಹಿಡಿ.

ನಿನ್ನ ಮಗಳು

•

ಅಕ್ಟೋಬರ್ 6

ಮೂಗುಮುರುಕಿ ಮಗಳಿಗೆ,

ಕಾಗದ ಬಂತು. ಮೂರು ಸಲ ಓದಿದೆ. ಏಳನೇ ತರಗತಿಯವಳು ನಾನು, ಮೊದಲ ಸಲ ಅಕ್ಷರ ಕೂಡಿಸಲು, ಎರಡನೇ ಸಲ ಅರ್ಥ ಮಾಡಿಕೊಳ್ಳಲು, ಮೂರನೇ ಸಲ ಸುಮ್ಮನೆ.

ಪಕ್ಕದ ಮನೆಯ ಟೈಲರಣ್ಣ ನಿನ್ನ ಓದಿನ ಬಗ್ಗೆ ಕೇಳಿದ. "ಫೋನಿಗೆ ಗುಂಡಿ ಮಾಡೋದು ಕಲೀತಿದ್ದಾಳೆ" ಎಂದೆ. "ಗುಂಡಿಗೋಸ್ಕರ ಅಷ್ಟು ದೂರ ಯಾಕಕ್ಕಾ ಕಳಿಸಿದ್ರಿ? ನನ್ನ ಹತ್ರ ಬಿಟ್ಟಿದ್ರೆ ಒಂದು ವಾರದಲ್ಲಿ ಕಲಿಸ್ತಿದ್ದೆ, ಕಾಜಾ ಹಾಕೋದನ್ನೂ ಸೇರಿಸಿ" ಅಂದ. ಇಡೀ ಬೀದಿ ಈಗ ನಿನ್ನನ್ನು ಅಂಗಿ ಗುಂಡಿಯವಳು ಅಂದುಕೊಂಡಿದೆ. ನಾನು ತಿದ್ದಲು ಹೋಗಲಿಲ್ಲ.

ಆಹಾರ ಉದ್ಯಮ ಅನ್ನುವ ಮಾತನ್ನು ನಮ್ಮ ಮೀನಿನ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. "ಹಾಗಾದ್ರೆ ನಾನು ಉದ್ಯಮಿ" ಎಂದು ಮೇಸ್ತ್ರಿ ಮೀಸೆ ತಿರುವಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊನ್ನೆ ಲಾರಿ ತಡವಾಗಿ ಬಂತು. ಐಸು ಕರಗಿ ನೀರಾಗಿತ್ತು. ಮೀನು ಮುಟ್ಟಿದರೆ ಬೆರಳು ಒಳಗೆ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು ನಾನೂ ಮೂಗಿಗೆ ಸೆರಗು ಕಟ್ಟಿಕೊಂಡೆ. ಸಂಜೆ ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಉಗುರಿನೊಳಗೆ ಹುರುಪೆ ಹಾಗೇ ಇತ್ತು.

ಮೀನಿನ ಕರುಳು ತುಂಬಿದ ಡಬ್ಬಿ ಹೊರಲು ಹೊಸಬಳು ಬಂದಿದ್ದಾಳೆ. ಮೀನಿನವರಾದ ನಮಗೇ ಅವಳು ಹತ್ತಿರ ಬಂದರೆ ತಡೆಯಲಾಗುವುದಿಲ್ಲ ಅಂದರೆ ನೋಡು! ಊಟದ ಹೊತ್ತಿಗೆ ಬಾಗಿಲಾಚೆ ಕೂತುಕೋ ಅಂದಿದ್ದೇವೆ. ಪಾಪ, ಎದುರು ಮಾತಾಡದೆ ಕೂರುತ್ತಾಳೆ.

ಬಿಸಿನೀರು ಕುಡಿ. ಕೆಟಲನ್ನು ಉಪ್ಪು ಹಾಕಿ ತಿಕ್ಕು. ಆ ಮಹಾಶಯನಿಗೆ ಬಾಯಿ ಬಿಟ್ಟು ಹೇಳು, ಒಳಗೊಳಗೇ ಮುಖ ಸಿಂಡರಿಸಿಕೊಂಡರೆ ಅವನಿಗೆ ಹೇಗೆ ತಿಳಿಯಬೇಕು?

ನಿನ್ನ ಅಮ್ಮ

•

ಡಿಸೆಂಬರ್ 2

ಅಮ್ಮಾ,

ಕುಣಿಯುವಷ್ಟು ಖುಷಿಯಾಗಿದೆ. ಈ ಕಾಗದವನ್ನು ಸಾವಕಾಶವಾಗಿ ಓದು.

ನಮ್ಮ ಕ್ಲಾಸಿಗೆ ಬಂಡಿಯ ಕಂಪನಿಯವರೇ ಒಂದು ಸಮಸ್ಯೆ ಕೊಟ್ಟರು. ಜನ ಹಂಚಿಕೊಂಡು ಹೋಗುವ ಬಂಡಿಯನ್ನು ಒಂದೆರಡು ಸಲ ಹತ್ತುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ. ಯಾಕೆ? ಕಂಡುಹಿಡಿಯಲು ನಾನು ನಲವತ್ತು ಜನರನ್ನು ಮಾತಾಡಿಸಿದೆ. ಬಂಡಿಯ ಬಗ್ಗೆ ಯಾರದೂ ದೂರಿಲ್ಲ. ದೂರೆಲ್ಲ ಪಕ್ಕದ ಸೀಟಿನವರ ಮೇಲೆ. ಒಬ್ಬನ ಬೆವರು, ಒಬ್ಬಳ ಕೆಮ್ಮು, ಒದ್ದೆ ನಾಯಿ, ಹಲ್ಲಿನ ಸಂದಿ ಕೆದಕುವ ಮುದುಕ. ಆದರೆ ಕಂಪನಿಗೆ ಬರೆದು ದೂರು ಕೊಡಿ ಅಂದರೆ ಎಲ್ಲರೂ, "ಛೇ ಛೇ, ಅಷ್ಟೆಲ್ಲ ಯಾಕೆ, ಪಾಪ" ಅನ್ನುತ್ತಾರೆ.

ನಮ್ಮ ಮೇಡಂ ಹೇಳಿದರು, "ದೂರು ಕೊಡೋಕೂ ಇಷ್ಟ ಇಲ್ಲ, ಸಹಿಸ್ಕೊಳ್ಳೋಕೂ ಇಷ್ಟ ಇಲ್ಲ. ಅವೆರಡರ ನಡುವೆ ಏನಿದೆ, ಅದನ್ನ ಹುಡುಕು."

ಹುಡುಕಿದೆ! ಪ್ರಯಾಣ ಮುಗಿದ ಮೇಲೆ ಪರದೆಯಲ್ಲಿ ಆರು ಸೀಟಿನ ಚಿತ್ರ ಬರುತ್ತದೆ. ಹಿಡಿಸದ ಸೀಟಿನ ಮೇಲೆ ಬೆರಳಿಟ್ಟರೆ ಒಂದು ಗುಂಡಿ ಕಾಣುತ್ತದೆ. ಒಮ್ಮೆ ಒತ್ತಿದರೆ ಸಾಕು. ಕಾರಣ ಕೇಳುವುದಿಲ್ಲ. ಮುಂದಕ್ಕೆ ಆ ಮನುಷ್ಯನ ಜೊತೆ ನಿನ್ನನ್ನು ಕೂರಿಸುವುದಿಲ್ಲ. ಆ ಮನುಷ್ಯನಿಗೆ ಇದು ತಿಳಿಯುವುದೇ ಇಲ್ಲ. ಜಗಳವಿಲ್ಲ, ಅವಮಾನವಿಲ್ಲ, ಯಾರ ಮನಸ್ಸಿಗೂ ನೋವಿಲ್ಲ.

ಪದ ಮಾತ್ರ ಸಿಗುತ್ತಿರಲಿಲ್ಲ. 'ದೂರು' ಅಂದರೆ ಒರಟು, 'ಬೇಡ' ಅಂದರೆ ಇನ್ನೂ ಒರಟು. ಪ್ರತಿಯೊಬ್ಬರೂ ನಿಮ್ಮ ನಿಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಮೇಡಂ ಕೇಳಿದರು. ನನ್ನ ಬಾಯಿಗೆ ತಟ್ಟನೆ ಬಂತು, 'ಇರುಸುಮುರುಸು'. ಯಾರ ತಪ್ಪೂ ಇಲ್ಲದೆ ಸುಮ್ಮನೆ ಮೈಗೆ ಹಿತವಾಗದ್ದು ಎಂದು ವಿವರಿಸಿದೆ. ಇಡೀ ಕ್ಲಾಸು ಅದರ ಸದ್ದಿಗೇ ಮರುಳಾಯಿತು. ಈಗ ಎಲ್ಲರೂ ಅದನ್ನು 'ಇರುಸು' ಅನ್ನುತ್ತಾರೆ. "ನಿನ್ನ ಇರುಸು ಎಲ್ಲಿಗೆ ಬಂತು?" ಎಂದು ಮೇಡಂ ದಿನಾ ನಾಲಿಗೆ ತಿರುಚಿಕೊಂಡು ಕೇಳುತ್ತಾರೆ. ಫೆಬ್ರವರಿಯಿಂದ ಊರಿನ ಒಂದು ಭಾಗದಲ್ಲಿ ಅದನ್ನು ನಿಜವಾದ ಬಂಡಿಗಳಲ್ಲಿ ಹಾಕಿ ನೋಡುತ್ತಾರಂತೆ.

ನಮ್ಮ ಮನೆಯ ಪದ, ಅಮ್ಮಾ, ಇಲ್ಲಿಯ ಬೀದಿಯಲ್ಲಿ!

ನಿನ್ನ ಮಗಳು

•

ಡಿಸೆಂಬರ್ 28

ಮಗಳೇ,

ನಿನ್ನ ಖುಷಿ ಕಾಗದದಲ್ಲೇ ಕಾಣುತ್ತಿತ್ತು, ಅಕ್ಷರವೆಲ್ಲ ಗೆರೆ ಬಿಟ್ಟು ಮೇಲೆ ಹಾರಿವೆ.

ಒಂದೇ ಒಂದು ಕೇಳುತ್ತೇನೆ. ಒತ್ತಿದವರಿಗೆ ಏನಾಗುತ್ತದೆ ಎಂದು ಬರೆದೆ. ಒತ್ತಿಸಿಕೊಂಡವರಿಗೆ ಏನಾಗುತ್ತದೆ? ಒಬ್ಬರು ಒತ್ತಿದರೆ ಸರಿ. ಹತ್ತು ಜನ ಒತ್ತಿದರೆ? ಅವರಿಗೆ ಬಂಡಿ ಬರುತ್ತದಾ?

ಆ ಪದ ನಿನ್ನ ಬಾಯಿಗೆ ತಟ್ಟನೆ ಬಂತು ಅಂದೆ. ಎಲ್ಲಿಂದ ಬಂತು ಎಂದು ಯೋಚಿಸಿದೆಯಾ? ನೀನು ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಶೆಡ್ಡಿಗೆ ಬರುತ್ತಿದ್ದೆ, ಇಬ್ಬರೂ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆವು. ಸೀಟು ಖಾಲಿ ಇದ್ದರೂ ನಾನು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. "ಕೂತ್ಕೋ ಅಮ್ಮ" ಎಂದು ನೀನು ಕೈ ಜಗ್ಗುತ್ತಿದ್ದೆ. "ಬೇಡ ಮಗಾ, ಪಕ್ಕದವರಿಗೆ ಇರುಸುಮುರುಸಾಗುತ್ತೆ" ಅನ್ನುತ್ತಿದ್ದೆ. ನನ್ನ ಮೈಯ ವಾಸನೆಗೆ ನಾನು ಇಟ್ಟುಕೊಂಡಿದ್ದ ಮರ್ಯಾದೆಯ ಹೆಸರು ಅದು.

ಟೈಲರಣ್ಣ ಅಂಗಿ ಗುಂಡಿ ಅಂದುಕೊಂಡ. ಈಗ ನನಗೆ ಅನ್ನಿಸುತ್ತಿದೆ, ಇದು ಅಂಗಿಯ ಗುಂಡಿ ಅಲ್ಲ, ನೆಲದಲ್ಲಿ ತೋಡುವ ಗುಂಡಿ. ಮೇಲೆ ಚೆಂದದ ಎಲೆ ಮುಚ್ಚಿದ್ದೀಯ. ಯಾರು ಬೀಳುತ್ತಾರೋ ಅವರಿಗೆ ಬಿದ್ದದ್ದು ಸಹ ತಿಳಿಯುವುದಿಲ್ಲ ಎಂದು ನೀನೇ ಬರೆದಿದ್ದೀಯ.

ತಪ್ಪಾಗಿದ್ದರೆ ತಿದ್ದು. ನಾನು ಓದಿದವಳಲ್ಲ.

ಅಮ್ಮ

•

ಜನವರಿ 20

ಅಮ್ಮಾ,

ಹೌದು, ತಪ್ಪಾಗಿದೆ. ತಿದ್ದುತ್ತೇನೆ.

ಬಂಡಿ ಬರುತ್ತದೆ. ಯಾರಿಗೂ ಬಂಡಿ ತಪ್ಪಿಸುವುದಿಲ್ಲ. ತುಂಬಾ ಜನ ಒತ್ತಿದ್ದರೆ ಅವರಿಗೆ ಖಾಲಿ ಬಂಡಿ ಇರುವಾಗ ಬರುತ್ತದೆ, ಅಷ್ಟೇ. ಒಬ್ಬರೇ ಆರಾಮಾಗಿ ಕಾಲು ಚಾಚಿ ಹೋಗಬಹುದು. ಸ್ವಲ್ಪ ಕಾಯಬೇಕಾಗಬಹುದು. ಎಲ್ಲದಕ್ಕೂ ಎಲ್ಲರೂ ಕಾಯುತ್ತಾರೆ.

ನಾನು ಇಲ್ಲಿ ಎಷ್ಟು ಕಷ್ಟಪಟ್ಟು ನಿಂತಿದ್ದೇನೆ ಎಂದು ನಿನಗೆ ಗೊತ್ತಾ? ಮೂವತ್ತು ಜನರ ಕ್ಲಾಸಿನಲ್ಲಿ ಕಂಪನಿ ಆರಿಸಿದ್ದು ನನ್ನದೊಂದನ್ನೇ. ಮೊದಲ ಸಲ ಯಾರೋ ನನ್ನನ್ನು ಹೊಗಳಿದರು, ಅದಕ್ಕೆ ನೀನು ಮೀನಿನ ನೀರು ಎರಚಿದೆ. ಪ್ರತಿಯೊಂದನ್ನೂ ಆ ಶೆಡ್ಡಿಗೆ, ಆ ಬಸ್ಸಿಗೆ ಎಳೆದುಕೊಂಡು ಹೋಗಬೇಡ. ನಾನು ಅಲ್ಲಿಂದ ಹೊರಗೆ ಬರಲಿ ಅಂತ ತಾನೇ ಓದಿಸಿದ್ದು? ಬಂದಿದ್ದೇನೆ.

ಗುಂಡಿ ಅನ್ನುವ ಪದದಲ್ಲಿ ಆಟವಾಡುವುದು ಸುಲಭ. ಕೆಲಸ ಮಾಡಿ ನೋಡು.

ಮಗಳು

•

ಏಪ್ರಿಲ್ 11

ಅಮ್ಮಾ,

ಮೂರು ತಿಂಗಳಾಯಿತು. ನೀನು ಉತ್ತರ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಈಗ ಬರೆಯದೆ ಇರಲಾಗುತ್ತಿಲ್ಲ.

ಎಂಟು ವಾರದಿಂದ ಬಂಡಿಗಳಲ್ಲಿ ನನ್ನ ಗುಂಡಿ ಇದೆ. ಫಲಿತಾಂಶ ಬಂತು. ಬಂಡಿ ಬಿಟ್ಟುಹೋಗುತ್ತಿದ್ದವರು ವಾಪಸು ಬಂದಿದ್ದಾರೆ. ಎಲ್ಲರ ತೃಪ್ತಿ ಏರಿದೆ. ಮೇಡಂ ಚಪ್ಪಾಳೆ ತಟ್ಟಿದರು. ಆ ಲೆಕ್ಕದ ಹಾಳೆಯಲ್ಲಿ ಪ್ರಯಾಣಿಕರಿಗೆ ಹೆಸರಿಲ್ಲ, ಬರೀ ಸಂಖ್ಯೆ. 212 ಎಂಬ ಸಂಖ್ಯೆಯವರು ಬಂಡಿ ಕರೆದದ್ದು ಐವತ್ತೊಂದು ಸಲ, ಬಂಡಿ ಬಂದದ್ದು ಒಂಬತ್ತು ಸಲ. ಅದನ್ನು ಹಾಳೆಯ ಮೂಲೆಯಲ್ಲಿ 'ಇತರೆ' ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದವಳೂ ನಾನೇ. ಮರುದಿನ ಆ ಕರೆಗಳು ಬಂದ ನಿಲ್ದಾಣಕ್ಕೆ ಹೋದೆ.

ಕಸ ವಿಂಗಡಿಸುವ ದೊಡ್ಡ ಶೆಡ್ಡಿನ ಎದುರು ಒಂದು ಬೆಂಚು. ಬೆಳಗಿನ ಪಾಳಿ ಮುಗಿಸಿ ಒಬ್ಬಳು ಬಂದಳು. ನಿನ್ನ ವಯಸ್ಸಿನವಳು. ಕೂದಲು ಒದ್ದೆ, ಅಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬಂದಿದ್ದಳು. ಫೋನು ತೆಗೆದು ಒತ್ತಿದಳು. ಕಾದಳು. ಕರ್ಚೀಫಿನಿಂದ ಫೋನಿನ ಗಾಜು ಒರೆಸಿ ಮತ್ತೆ ಒತ್ತಿದಳು. ಆರಿಸಿ, ಮತ್ತೆ ಹಚ್ಚಿ, ಮತ್ತೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂದು ಹಿಡಿಯುತ್ತಾ ನೋಡಮ್ಮ. ನಂದು ಹಳೇ ಫೋನು, ಬಂಡಿಗೆ ಗೊತ್ತೇ ಆಗಲ್ಲ" ಅಂದಳು.

ನಾನು ಒತ್ತಿದೆ. ನಾಲ್ಕು ನಿಮಿಷಕ್ಕೆ ಬಂಡಿ ಬಂತು. ಒಳಗೆ ಮೂವರಿದ್ದರು. ಅವಳು ಬಾಗಿಲ ತನಕ ಬಂದು, ಒಳಗೆ ಇಣುಕಿ, ಹಿಂದೆ ಸರಿದು, "ನೀನು ಹೋಗು, ನಂದು ಬರುತ್ತೆ" ಅಂದಳು. ನಾನು ಹತ್ತಿ ಕೂತೆ, ಅಮ್ಮ. ಹತ್ತಿ ಕೂತು ಹೋಗಿಬಿಟ್ಟೆ. ಅವಳ ಮೈಯಿಂದ ವಾಸನೆ ಬರುತ್ತಿತ್ತು. ಬರುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂಡಿಯ ಬಾಗಿಲು ಮುಚ್ಚಿದಾಗ ನನಗೆ ಹಾಯೆನಿಸಿತು. ಅದನ್ನು ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ, ಮೈ ಪರಚಿಕೊಳ್ಳುವಷ್ಟು.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಆಗ ನನಗೆ ಹದಿಮೂರು ವರ್ಷ. ಬಸ್ಸಿನಲ್ಲಿ ಕ್ಲಾಸಿನ ಗೆಳತಿ ಪಕ್ಕದಲ್ಲಿ ಕೂತಿದ್ದಳು, ನೀನು ಬಾಗಿಲ ಹತ್ತಿರ ನಿಂತಿದ್ದೆ. ಕಂಡಕ್ಟರ್ ಮೂಗು ಹಿಡಿದುಕೊಂಡು, "ಅವ್ರು ನಿಮ್ಮ ಜೊತೆಯೋರಾ?" ಎಂದು ಕೇಳಿದ. ನಾನು "ಅಲ್ಲ" ಎಂದೆ. ನಿನಗೆ ಕೇಳಿಸಿತೋ ಇಲ್ಲವೋ ಎಂದು ಹದಿಮೂರು ವರ್ಷದಿಂದ ಯೋಚಿಸುತ್ತಿದ್ದೇನೆ.

ಮೇ ಹದಿನೈದಕ್ಕೆ ಕೊನೆಯ ಪ್ರದರ್ಶನ. ಕಂಪನಿಯವರು ಬರುತ್ತಾರೆ. ನಾನು ನಿಂತು ವಿವರಿಸಿದರೆ ಗುಂಡಿ ಇಡೀ ಊರಿಗೆ ಹೋಗುತ್ತದೆ, ನನಗೆ ಕೆಲಸ ಖಚಿತ. ಹಿಂದೆ ತೆಗೆದುಕೊಂಡರೆ ಫೇಲು. ಇಲ್ಲಿ ಉಳಿಯಲು ಕೊಟ್ಟ ಅನುಮತಿ ಪಾಸಾಗುವುದರ ಮೇಲೆ ನಿಂತಿದೆ. ಏನು ಮಾಡಲಿ ಹೇಳು. ಬೈದಾದರೂ ಹೇಳು.

ಮಗಳು

•

ಏಪ್ರಿಲ್ 30

ಮಗಳೇ,

ಕೇಳಿಸಿತ್ತು.

ಅವತ್ತು ನಿನಗೆ ಹದಿಮೂರು ವರ್ಷ. ಮಕ್ಕಳು ಅಂದುಕೊಂಡೆ, ನುಂಗಿಕೊಂಡೆ, ಮನೆಗೆ ಬಂದು ನಿನಗೆ ಬಡಿಸಿದೆ. ಈಗ ನಿನಗೆ ಇಪ್ಪತ್ತಾರು. ಅವಳನ್ನು ಬಿಟ್ಟು ಬಂಡಿ ಹತ್ತಿ ಹೋದೆಯಲ್ಲ, ಅದು ನುಂಗಲಾಗುತ್ತಿಲ್ಲ. ನಿನ್ನ ಕಾಗದ ಓದಿ ಥೂ ಅಂದೆ. ನಿನಗಲ್ಲ ಎಂದು ಬರೆಯಲು ಪೆನ್ನು ಎತ್ತಿದೆ, ಆದರೆ ನಿನಗೇ ಅಂದದ್ದು.

ಆಮೇಲೆ ಇನ್ನೊಂದು ಆಯಿತು. ಶೆಡ್ಡಿನಲ್ಲಿ ಊಟಕ್ಕೆ ಕೂತಿದ್ದೆವು. ನಾನು ನಿನ್ನ ಆ ಕಂಪನಿಯವರನ್ನು ಬೈದುಕೊಳ್ಳುತ್ತಿದ್ದೆ. ಬಾಗಿಲಾಚೆ ಆ ಡಬ್ಬಿಯವಳು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಏಳು ತಿಂಗಳಿಂದ ಹಾಗೇ ಉಣ್ಣುತ್ತಿದ್ದಾಳೆ. ಅಲ್ಲಿ ಕೂರು ಎಂದು ಮೊದಲು ಹೇಳಿದ್ದು ಮೇಸ್ತ್ರಿಯಲ್ಲ, ನಾನು. ನಿನಗೆ ಬರೆದಾಗ 'ಅಂದಿದ್ದೇವೆ' ಎಂದು ಬರೆದಿದ್ದೆ. ಒಬ್ಬರನ್ನು ದೂರ ಇಡಲು ನಿನಗೆ ಫೋನು ಬೇಕಾಯಿತು, ನಾನು ಬರೀ ಬೆರಳು ತೋರಿಸಿದ್ದೆ.

ನನ್ನ ಊಟದ ಡಬ್ಬಿ ಎತ್ತಿಕೊಂಡು ಹೋಗಿ ಅವಳ ಪಕ್ಕ ಕೂತೆ. ವಾಸನೆ ಬಂತು. ಊಟ ಸೇರಲಿಲ್ಲ. ನಾಲ್ಕು ತುತ್ತು ತಿಂದು ಉಳಿದದ್ದನ್ನು ಚೆಲ್ಲಿದೆ. "ನಿಮಗ್ಯಾಕೆ ಈ ಕಷ್ಟ, ಒಳಗೆ ಹೋಗ್ರಕ್ಕಾ" ಅಂದಳು. ಮರುದಿನವೂ ಕೂತೆ. ಇನ್ನೂ ಸೇರುತ್ತಿಲ್ಲ. ಕೂರುತ್ತಿದ್ದೇನೆ.

ಪಾಸು ಫೇಲಿನ ವಿಚಾರ ನಿನಗೇ ಬಿಟ್ಟದ್ದು, ಅಲ್ಲಿಯ ಕಾನೂನು ನನಗೆ ತಿಳಿಯದು. ಆದರೆ ಅವಳು ಫೋನು ಒರೆಸುತ್ತಾ ನಿಂತಿದ್ದಾಳೆ. ಹೋಗಿ ಅವಳಿಗೆ ಹೇಳು. ಕಂಪನಿಗೆ ಹೇಳುವುದು ಸುಲಭ, ಮೇಡಂಗೆ ಹೇಳುವುದು ಸುಲಭ, ನನಗೆ ಕಾಗದ ಬರೆಯುವುದು ಎಲ್ಲಕ್ಕಿಂತ ಸುಲಭ. ಅವಳ ಮುಖ ನೋಡಿಕೊಂಡು ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಅಮ್ಮ

•

ಮೇ 24

ಅಮ್ಮಾ,

ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪ್ರದರ್ಶನದ ಸುದ್ದಿ. ನನ್ನ ಅಮ್ಮ ಮೀನು ಕೊಯ್ಯುವವಳು ಎಂದು ಶುರು ಮಾಡಿದೆ. "ಮನೆ ಕಥೆ ಬೇಡ, ಬಳಸೋರ ಬಗ್ಗೆ ಮಾತಾಡು" ಎಂದರು ಮೇಡಂ. "ಬಳಸೋರ ಬಗ್ಗೆನೇ ಮಾತಾಡ್ತಿದ್ದೀನಿ ಮೇಡಂ" ಎಂದೆ. ಮೂಲೆಯ 'ಇತರೆ'ಯನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದೆ. ಐವತ್ತೊಂದು, ಒಂಬತ್ತು. ಈ ಗುಂಡಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಕಂಪನಿಯವನು ನಕ್ಕ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ, ಮೈಯಿಂದ ಸುಗಂಧ ಬೀರುವ ಮನುಷ್ಯ. "ಗುಂಡಿ ನಮ್ಮ ಹತ್ರ ಇರಲಿ, ಪದ ನೀವು ಇಟ್ಕೊಳ್ಳಿ" ಅಂದ. ಅದಕ್ಕೆ ಅವರ ಭಾಷೆಯಲ್ಲಿ 'ನೆಮ್ಮದಿ' ಎಂಬರ್ಥದ ಹೊಸ ಹೆಸರಿಟ್ಟು ಜುಲೈಯಿಂದ ಊರೆಲ್ಲ ಹಾಕುತ್ತಾರಂತೆ. ಅವನು ಕೈ ಕುಲುಕಿದ್ದಕ್ಕೆ ಬಂದು ಸೋಪು ಹಾಕಿ ತೊಳೆದುಕೊಂಡೆ. ನಾನು ಫೇಲು. ಇನ್ನೊಂದು ಅವಧಿ ಮತ್ತೆ ಓದಲು ಆರು ತಿಂಗಳು ಕೊಟ್ಟಿದ್ದಾರೆ, ಆಮೇಲಿನದು ಗೊತ್ತಿಲ್ಲ.

ಇದೆಲ್ಲ ನೀನು ಹೇಳಿದ ಹಾಗೆ ಸುಲಭವೇ ಆಗಿತ್ತು. ನಿಲ್ದಾಣಕ್ಕೆ ಮೂರು ದಿನ ಹೋಗಿ ಮೂರು ದಿನವೂ ಬಾಯಿ ಬಿಡದೆ ವಾಪಸು ಬಂದೆ. ನಾಲ್ಕನೇ ದಿನ ಅವಳೇ ಮಾತಾಡಿಸಿದಳು. ಬೆಂಚಿನ ಮೇಲೆ ಚೀಲ ಸರಿಸಿ, "ಬಾ, ಕೂತ್ಕೋ" ಅಂದಳು. ಕೂತು ಹೇಳಿದೆ. ಫೋನು ಕೆಟ್ಟಿಲ್ಲ, ಬಂಡಿಗೆ ನೀವು ಕರೆಯೋದು ಗೊತ್ತಾಗುತ್ತೆ, ಗೊತ್ತಾಗಿಯೂ ಬರಲ್ಲ ಎಂದೆ.

"ಅಂದ್ರೆ ನನ್ನ ಫೋನು ಸರಿ ಇದೆಯಾ?" ಅವಳ ಮುಖ ಅರಳಿತು. "ಅಯ್ಯೋ! ರಿಪೇರಿಯವನು ಏನೂ ಆಗಿಲ್ಲ ಅಂದ್ರೆ ಅವನ ಜೊತೆ ಜಗಳ ಆಡ್ಕೊಂಡು ಬಂದೆ, ಪಾಪ." ಸ್ವಲ್ಪ ಹೊತ್ತು ನಗುತ್ತಲೇ ಇದ್ದಳು. ಆಮೇಲೆ ನಗು ನಿಂತಿತು. "ಮತ್ಯಾಕೆ ಬರಲ್ಲ?"

ಹೇಳಿದೆ. ಸೀಟಿನ ಚಿತ್ರ, ಗುಂಡಿ, ಎಲ್ಲವನ್ನೂ. ಅವಳು ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

"ನಾನು ದಿನಾ ಇಲ್ಲೇ ಸ್ನಾನ ಮಾಡಿ ಬರ್ತೀನಿ" ಅಂದಳು. "ಎರಡು ಸಲ ಸೋಪು ಹಾಕ್ತೀನಿ."

ನಾನು ತಲೆಯಾಡಿಸಿದೆ.

"ಯಾರು ಒತ್ತಿದ್ದು?"

"ಗೊತ್ತಿಲ್ಲ. ಯಾರಿಗೂ ಗೊತ್ತಾಗಬಾರದು ಅಂತಾನೇ ಹಾಗೆ ಮಾಡಿದ್ದು."

"ಯಾರು ಹಾಗೆ ಮಾಡಿದ್ದು?"

"ನಾನು" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚೀಲ ಎತ್ತಿಕೊಂಡು, ಎದ್ದು, ಬೆಂಚಿನ ಆ ತುದಿಗೆ ಹೋಗಿ ಕೂತಳು. ನನ್ನ ಬಟ್ಟೆ ತಾಗಿದ್ದ ತನ್ನ ತೋಳನ್ನು ಒರೆಸಿಕೊಂಡಳು.

ನಾನು ಹತ್ತಿರ ಹೋಗಲಿಲ್ಲ, ಎದ್ದೂ ಹೋಗಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಹಳೇ ಬಸ್ಸೊಂದು ಬಂದು ಅವಳನ್ನು ಹತ್ತಿಸಿಕೊಂಡಿತು. ಅಲ್ಲಿಯವರೆಗೂ ಈ ತುದಿಯಲ್ಲೇ ಕೂತಿದ್ದೆ.

ನಿನ್ನ ಮಗಳು